ಮೊದಲನೇದು ಹೆಂಗೈತಿ?

ಗುಳೇದಗುಡ್ಡದಿಂದ ಎರಡು ಬಸ್ಸು ಬದಲಿಸಿ
ಮುಧೋಳದಾಚೆ ಮೂರು ಮೈಲಿ ನಡೆದು
ದಸ್ತಗೀರಸಾಬರ ಅಂಗಳಕ್ಕೆ ಬಂದಾಗ
ಕೈಚೀಲದಲ್ಲಿ ಖಣ ಮಾರಿದ ದುಡ್ಡಿತ್ತು,
ಹೊಸ ಕೊರಳಪಟ್ಟಿ ಇತ್ತು,
ಮಗಳು ಬರೆದುಕೊಟ್ಟ ಹೆಸರು, ಮಡಚಿದ ಚೀಟಿಯಲ್ಲಿ.

ಮರಿಗಳು ಆಗಲೇ ಉದ್ದುದ್ದ.
ಬಾಗಿದ ಬೆನ್ನು, ಒಳಗೆ ಸೇದಿದ ಹೊಟ್ಟೆ,
ಪಕ್ಕೆಲುಬು ಎಣಿಸಬಹುದು, ಆದರೂ ಹಸಿದಂತಿಲ್ಲ.
ಒಂದು ನನ್ನನ್ನೇ ನೋಡಿತು
ಕೈಗೆ ಸಿಗದಷ್ಟು ದೂರ ನಿಂತು.
ಬಾಲ ಅಲ್ಲಾಡಿಸಲಿಲ್ಲ. ಹೋಗಲೂ ಇಲ್ಲ.

ಇದು, ಅಂದೆ.
ಸಾಬರು ರೇಟು ಹೇಳಲಿಲ್ಲ.
"ಮನ್ಯಾಗ ಮೊದಲನೇದು ಹೆಂಗೈತಿ?" ಅಂದರು.

ಹೇಳಿದೆ. ಕೆಂಚಿ. ಬೀದಿಯದು.
ಒಂಬತ್ತು ವರ್ಷ, ಬಲಗಿವಿ ಅರ್ಧ.
ಕುಣಿಮಗ್ಗದ ಅಂಚು ಅದರ ಜಾಗ.
ಲಾಳಿಯ ಖಟಖಟಕ್ಕೆ ಅದಕ್ಕೆ ನಿದ್ದೆ ಹತ್ತುತ್ತದೆ,
ಮಗ್ಗ ನಿಂತರೆ ಎಚ್ಚರ.
ನೂಲುಂಡೆ ಮುಟ್ಟಿದ ಬೆಕ್ಕನ್ನು ಓಣಿ ದಾಟಿಸಿ ಬಂದಿದೆ.
ಹುಡುಗರು ಕಿವಿ ಜಗ್ಗಿದರೂ ಸುಮ್ಮನೆ,
ತಾಟು ಮಾತ್ರ ಯಾರೂ ಮೂಸಬಾರದು.
ಹೆಣ್ಣು.

ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು,
ಬೀಗರ ಹಾಗಲ್ಲ, ಡಾಕ್ಟರ ಹಾಗೆ.
ಆಮೇಲೆ:

"ಇದು ಕಣ್ಣಿನ ನಾಯಿ, ಅಕ್ಕಾರ, ಮೂಗಿಂದಲ್ಲ.
ಆ ದಿಬ್ಬದ ಮ್ಯಾಲೆ ಮೊಲದ ಕಿವಿ ಅಳ್ಳಾಡಿದ್ರ
ಇಲ್ಲಿ ಇದರ ತೊಡಿ ನಡಗತಾವು.
ಆಗ ನೀವು ಕರದ್ರ ಬರಾಂಗಿಲ್ಲ.
ಹಟ ಅಲ್ಲ ಅದು; ಆ ಹೊತ್ತಿನ್ಯಾಗ ಅದಕ್ಕ ಕಿವೀನ ಇರಾಂಗಿಲ್ಲ.
ಹಿಂದಿಂದ ಬಂದು ಮುಟ್ಟಬಾರದು.
ಬೈದ್ರ ಎರಡು ದಿನ ಉಣ್ಣಾಂಗಿಲ್ಲ.
ಹಚಗೊಂಡ್ರ ಒಬ್ಬರನ್ನಷ್ಟ ಹಚಗೋತದ.
ನಿಮ್ಮ ಮಗ್ಗದ ಸಪ್ಪಳ ಕೆಂಚಿಗೆ ಜೋಗುಳ,
ಇದಕ್ಕ ಸಿಡಿಲು.
ಮ್ಯಾಲೆ ಇದೂ ಹೆಣ್ಣು.
ಎರಡು ಹೆಣ್ಣು, ಒಂದ ಹೊಸ್ತಿಲ..."

ಅಲ್ಲಿಗೇ ತಡೆದು ನನ್ನ ಮುಖ ನೋಡಿ ನಕ್ಕುಬಿಟ್ಟರು.
ನನಗೂ ನಗು.

ಯಾಕೆಂದರೆ ಆ ಮನೆಗೆ ನಾನು ಎರಡನೇ ಸೊಸೆ.
ನೋಡಲು ಬಂದವರು ನಡೆಸಿ ನೋಡಿದ್ದರು,
ಜಡೆ ಬಿಚ್ಚಿಸಿದ್ದರು, ಸೂಜಿಗೆ ದಾರ ಪೋಣಿಸು ಅಂದಿದ್ದರು.
ಸಿಟ್ಟು ಬಂದರೆ ಏನು ಮಾಡತಿ ಅಂತ
ಒಬ್ಬರೂ ಕೇಳಲಿಲ್ಲ.
ನನಗೂ ಯಾರೂ ಹೇಳಲಿಲ್ಲ,
ನೆಗೆಣ್ಣಿ ದಾಕ್ಷಾಣವ್ವನ ಸೌಟು
ಇದ್ದಲ್ಲಿಂದ ಜರುಗಬಾರದು ಎಂದು.
ನಾಲ್ಕು ವರ್ಷ ಹಿಡಿಯಿತು.
ಎರಡು ಒಲೆ, ನಡುವೆ ಒಂದು ಗೋಡೆ;
ಈಗ ಗೋಡೆಯ ಮೇಲಿಂದ ಉಪ್ಪಿನಕಾಯಿ ಬರುತ್ತದೆ,
ಬಟ್ಟಲು ಮಾತ್ರ ತೊಳೆದೇ ಕಳಿಸಬೇಕು.

ಮರಿ ಅಷ್ಟರಲ್ಲಿ ಹತ್ತಿರ ಬಂದಿತ್ತು.
ಒಂದೇ ಹೆಜ್ಜೆ.
ಬಗ್ಗಿ ಕರೆಯಬೇಕೆನಿಸಿತು, ಕರೆಯಲಿಲ್ಲ.

"ಇದರ ಜೋಡಿ ಹುಟ್ಟಿದ್ದು ಒಂದು ಗಂಡೈತಿ," ಸಾಬರು ಅಂದರು,
"ಸ್ವಲ್ಪ ಸೋಮಾರಿ. ರೇಸಿನವರು ಬ್ಯಾಡ ಅಂದಾರ.
ಮುಂದಿನ ತಿಂಗಳ ಕೆಂಚಿನ್ನ ಕರಕೊಂಡ ಬರ್ರಿ.
ನನ್ನ ಅಂಗಳ ಬ್ಯಾಡ, ನಿಮ್ಮ ಅಂಗಳ ಬ್ಯಾಡ,
ಯಾರದೂ ಅಲ್ಲದ ಹಾದ್ಯಾಗ ಎರಡೂ ನಡೀಲಿ.
ಆಕಿ ಹೂಂ ಅಂದ್ರ ರೊಕ್ಕದ ಮಾತು."

ಚೀಟಿ ಬಿಚ್ಚದೆ ತಿರುಗಿ ಬಂದೆ.
ಬಸ್ಸಿನಲ್ಲಿ ಕಂಡಕ್ಟರು ಕೇಳಿದ,
"ಬೆಳಿಗ್ಗೆ ನಾಯಿ ತರತೀನಿ ಅಂದಿದ್ರಿ?"
ಕೇಳಬೇಕಲ್ಲಪ್ಪ, ಅಂದೆ. ಯಾರನ್ನ, ಅಂದ.

ಮನೆಯಲ್ಲಿ ಕೆಂಚಿ ನನ್ನ ಸೀರೆಯ ಅಂಚನ್ನು
ಬಹಳ ಹೊತ್ತು ಮೂಸಿತು,
ಅಕ್ಷರ ಕೂಡಿಸಿ ಓದುವ ಮುದುಕಿಯ ಹಾಗೆ.
ಆಮೇಲೆ ಹೋಗಿ
ತನ್ನ ಖಾಲಿ ತಾಟಿನ ಮೇಲೆ ಗದ್ದ ಇಟ್ಟು ಮಲಗಿತು.
ಕುಣಿಗೆ ಕಾಲಿಳಿಸಿ ಲಾಳಿ ಎಸೆದೆ.
ಖಟ್, ಖಟ್.
ಅವತ್ತು ಅದು ಕಣ್ಣು ಮುಚ್ಚಲಿಲ್ಲ.