ಬಾಯಿ ತೆರೆ

ಬೆಳಿಗ್ಗೆ ಆರಕ್ಕೇ ಹೊರಡುತ್ತೇನೆ.
ಮಾಲುತಿ ಬೆಟ್ಟಕ್ಕೆ ಜುಲೈ ಎಂದರೆ ಹಿಮ.
ಕಂಬಳಿಗೆ ಪಿನ್ನು ಚುಚ್ಚಿ, ಕುದುರೆಯ ಕಿವಿ ಉಜ್ಜಿ ಬಿಸಿ ಮಾಡಿ,
ಸೊಂಟದ ಚೀಲದಲ್ಲಿ ಒಂದು ದಿನದ ಮೂರು ಮಾತ್ರೆ,
ಒಣಗಿದ ರಕ್ತದ ಬಣ್ಣದವು.

ನ್ತಾತೆ ಲೆಬುಸಾ ಗುಡಿಸಲ ಹೊರಗೇ ಕೂತಿರುತ್ತಾನೆ
ಗಾಳಿಗೆ ಬೆನ್ನು ಕೊಟ್ಟು.
ಒಳಗೆ ಮೊಮ್ಮಗಳು ಮಲಗಿದ್ದಾಳೆ,
ಅವಳ ಮೇಲೆ ಕೆಮ್ಮಬಾರದು.

ನಲವತ್ತನಾಲ್ಕು ಕಿಲೋ. ಡಿಸೆಂಬರಿನಲ್ಲಿ ಅರವತ್ತಿದ್ದ.
ಇಪ್ಪತ್ತೆರಡು ವರ್ಷ ವೆಲ್ಕೊಮಿನ ನೆಲದಡಿ
ಸೂರ್ಯ ಮರೆತುಹೋಗುವಷ್ಟು ಆಳದಲ್ಲಿ ಕಲ್ಲು ಕೊರೆದವನು.
ಚಿನ್ನ ಅವರು ಇಟ್ಟುಕೊಂಡರು.
ಧೂಳು ಇವನ ಪಾಲಿಗೆ ಬಂತು, ಎದೆ ತುಂಬ.
ಆ ಧೂಳಿನ ಹಾಸಿಗೆಯಲ್ಲಿ ಕ್ಷಯ ಬಂದು ಮಲಗಿತು.

ನೀರು ಕೊಡುತ್ತೇನೆ. ನುಂಗುತ್ತಾನೆ.
"ಬಾಯಿ ತೆರೆ ನ್ತಾತೆ."
ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟಿದ್ದೇ ಹಾಗೆ.
ತೆರೆಯುತ್ತಾನೆ, ನಾಲಿಗೆ ಎತ್ತುತ್ತಾನೆ. ಖಾಲಿ.
ಕಾರ್ಡಿನಲ್ಲಿ ಒಂದು ಗೀಟು.
ಎರಡು ತಿಂಗಳು ನಾಲ್ಕು ಮದ್ದು,
ಆಮೇಲೆ ನಾಲ್ಕು ತಿಂಗಳು ಎರಡು ಮದ್ದು,
ಮಗ್ಗಿಯ ಹಾಗೆ ಬಾಯಿಪಾಠ ನನಗೆ.
ಖಾಲಿ ಹೊಟ್ಟೆಗೆ ಮೂರು ಮಾತ್ರೆ ಎಷ್ಟು,
ಅದು ಮಗ್ಗಿಯಲ್ಲಿ ಇರಲಿಲ್ಲ.

ನಲವತ್ತೊಂದನೆಯ ದಿನ
ಮೇಲಿನ ಹಳ್ಳಿ ಮುಗಿಸಿ ಮಧ್ಯಾಹ್ನ ಇಳಿಯುವಾಗ
ಅವನ ಗುಡಿಸಲ ಹಿಂದೆ, ಹಿಮದ ಮೇಲೆ,
ಆಗಷ್ಟೇ ಉಚ್ಚೆ ಹೊಯ್ದ ಗುರುತು.
ಹಳದಿ.
ನನ್ನದರ ಹಾಗೆ, ಕುದುರೆಯದರ ಹಾಗೆ, ಬರೀ ಹಳದಿ.

ಈ ಮಾತ್ರೆ ಒಳಗೆ ಹೋದರೆ ಕಿತ್ತಳೆಯಾಗಬೇಕು ಅದು.
ಮೊದಲ ವಾರ ಅವನೇ ಹೆದರಿ ನನ್ನನ್ನು ಕೂಗಿದ್ದ,
"ಒಳಗೇನೋ ಕರಗುತ್ತಿದೆ" ಎಂದು.

ಕುದುರೆ ಕಟ್ಟಿದೆ. ಎದುರಿಗೆ ಕೂತೆ. ಏನೂ ಕೇಳಲಿಲ್ಲ.
ಅವನೇ ಎದ್ದು ನಶ್ಯದ ಡಬ್ಬಿ ತಂದು ಮುಚ್ಚಳ ತೆಗೆದ:
ಒಂಬತ್ತು ದಿನ, ಇಪ್ಪತ್ತೇಳು ಮಾತ್ರೆ,
ದವಡೆಯಲ್ಲಿ ನೆಂದು, ಆಮೇಲೆ ಒಣಗಿ ಬಿರಿದವು.

"ಪಾಳಿ ಮುಗಿದಾಗಲೆಲ್ಲ ಸಾಲಾಗಿ ನಿಲ್ಲಿಸಿ ಟಾರ್ಚು ಬಿಡುತ್ತಿದ್ದರು.
ಬಾಯಿ ತೆರೆ. ನಾಲಿಗೆ ಎತ್ತು.
ಚಿನ್ನದ ಚೂರು ಸಿಕ್ಕೀತು ಅಂತ.
ಇಪ್ಪತ್ತೆರಡು ವರ್ಷ ತೆರೆದೆ. ಒಂದು ದಿನವೂ ಕದಿಯಲಿಲ್ಲ.
ಈಗ ನನ್ನ ಹೊಸ್ತಿಲಲ್ಲೂ..."
ಉಳಿದದ್ದು ಕೆಮ್ಮು ಹೇಳಿತು.
ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ:
"ಹೊಟ್ಟೆಯೂ ಉರಿಯುತ್ತದೆ. ಜೋಳದ ಗಂಜಿ ಮಗುವಿಗೇ ಸಾಲದು."

ನನ್ನ ಹತ್ತಿರ ಉತ್ತರ ಇತ್ತು,
ಕ್ಲಿನಿಕ್ಕಿನ ಗೋಡೆಯ ಮೇಲೆ ಅಂಟಿಸಿರುವ ಉತ್ತರ:
ಅರ್ಧಕ್ಕೆ ಬಿಟ್ಟ ಮದ್ದು ರೋಗಕ್ಕೇ ವಿದ್ಯೆ ಕಲಿಸುತ್ತದೆ.
ಹೇಳಿದೆ.
ಗೋಡೆಗೇ ಹೇಳಿದ ಹಾಗಾಯಿತು.

ಆಗ ಕಂಬಳಿಯೊಳಗಿಂದ ನನ್ನದೇ ಪೊಟ್ಟಣ ತೆಗೆದೆ,
ರಕ್ತದೊತ್ತಡದ ಬಿಳಿ ಗುಳಿಗೆ.
ಎರಡು ವಾರದಿಂದ ನಾನೂ ಮುಟ್ಟಿರಲಿಲ್ಲ, ಯಾರು ಕೇಳಬೇಕು ನನ್ನನ್ನು?
ಅವನ ಲೋಟದಿಂದಲೇ ನೀರು ಸುರಿದುಕೊಂಡು ನುಂಗಿದೆ.
ಬಾಯಿ ತೆರೆದೆ.
ಐವತ್ತಮೂರು ವರ್ಷದ ಬಾಯಿ, ಎಡಗಡೆ ಮೂರು ಹಲ್ಲಿಲ್ಲ.
ನಾಲಿಗೆ ಎತ್ತಿದೆ.

ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ,
ಗಣಿಯ ಕಾವಲಿನವನ ಹಾಗೆ ಹುಬ್ಬು ಗಂಟಿಕ್ಕಿ.
"ಚಿನ್ನ ಇಲ್ಲ" ಎಂದ.

ಕಾರ್ಡಿನ ಒಂಬತ್ತು ಗೀಟು ಹೊಡೆದುಹಾಕಿ ಸೊನ್ನೆ ಬರೆದೆ.
ನರ್ಸ್ ಬೈದಳು, ನನ್ನನ್ನೇ, ಅರ್ಧ ಗಂಟೆ.
ಆಮೇಲೆ ಒಂದು ಚೀಲ ಹಿಟ್ಟು, ಎಣ್ಣೆ, ಬೀನ್ಸು ಬರೆದುಕೊಟ್ಟು
ತಪ್ಪಿದ ದಿನಗಳನ್ನು ಕೊನೆಗೆ ಸೇರಿಸು ಎಂದಳು.

ಈಗ ದಿನಾ ಇಬ್ಬರದೂ ಆಗುತ್ತದೆ:
ಮೊದಲು ಗಂಜಿ, ಆಮೇಲೆ ಅವನ ಮೂರು, ನನ್ನ ಒಂದು.
ತೆರೆಯುತ್ತೇವೆ. ಎದುರುಬದುರು.
ಮೊಮ್ಮಗಳು ಬಾಗಿಲಲ್ಲಿ ನಿಂತು ತಾನೂ ಆ ಎನ್ನುತ್ತಾಳೆ.

ವಾರ ಕಳೆದಿತ್ತು. ರಾತ್ರಿ ಹೊಸ ಹಿಮ ಬಿದ್ದಿತ್ತು.
ಮಧ್ಯಾಹ್ನ ಇಳಿಯುತ್ತಿದ್ದೇನೆ,
ಗುಡಿಸಲ ಹಿಂದೆ ಅಲ್ಲ, ಮುಂದೆಯೇ, ದಾರಿಗೆ ಕಾಣುವ ಹಾಗೆ
ಉದ್ದಕ್ಕೊಂದು ಕಿತ್ತಳೆ ಗೆರೆ.
ಬೇಕೆಂದೇ ಎಳೆದದ್ದು, ಕೊನೆಯಲ್ಲಿ ಒಂದು ಸುತ್ತು ಬೇರೆ.

ಇನ್ನೊಬ್ಬರ ಉಚ್ಚೆ ನೋಡಿ ಹಿಗ್ಗುವ ಕೆಲಸ ನನ್ನದು,
ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ.
ಇನ್ನೂ ನಾಲ್ಕೂವರೆ ತಿಂಗಳಿದೆ.
ಕುದುರೆ ಅದನ್ನು ಮೂಸುತ್ತ ಅಲ್ಲೇ ನಿಂತುಬಿಟ್ಟಿತು,
ಎಳೆದರೂ ಬರಲಿಲ್ಲ.