ತೂಕ ಹಾಕಿ ನೋಡುವುದು

ಮಡಿಕೇರಿಯಲ್ಲಿ ಚೆಂಡು ಕೈಬಿಟ್ಟರೆ
ಅದು ಕೆಳಗಿನ ಕೇರಿಯ ಮಕ್ಕಳದು.
ಅಂಗೈಯಗಲ ಸಮನೆಲ ಕಂಡಲ್ಲಿ
ಯಾರೋ ಕಾರು ನಿಲ್ಲಿಸಿರುತ್ತಾರೆ.
ಹಾಗಾಗಿ ಭಾನುವಾರ ಬಂತೆಂದರೆ
ನಮ್ಮಲ್ಲಿ ಕಾಫಿಯ ಜೊತೆ ಒಂದೇ ಚರ್ಚೆ:
ಎಲ್ಲಿಗೆ?

ಮೋನಪ್ಪನಿಗೆ ಆರು. ಜಾರುಬಂಡೆ ಇರಬೇಕು,
ಎತ್ತರದ್ದು, ನೋಡಿದ ಅಮ್ಮ ಕಿರುಚುವಂಥದ್ದು.
ಪಕ್ಕದ ಮನೆ ರಿಫಾಗೆ ಎರಡು ತುಂಬಿಲ್ಲ,
ಅವಳಮ್ಮನಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ,
ಭಾನುವಾರ ಮಗು ನಮ್ಮದು.
ಅವಳಿಗೆ ಮರಳು ಸಾಕು, ಒಂದು ಲೋಟ ಸಾಕು,
ಮರಳಿಲ್ಲದಿದ್ದರೆ ಬರೀ ಲೋಟ ಸಾಕು.
ಹಿತಾಕ್ಷಿಗೆ ಈಚೆಗೆ ಹದಿಮೂರಾಯಿತು.
ಏನು ಬೇಕೆಂದರೆ ‘ಏನೂ ಬೇಡ’ ಅನ್ನುತ್ತಾಳೆ.
ಅದು ಯಾವ ಪಾರ್ಕಿನಲ್ಲಿ ಸಿಗುತ್ತದೆ, ಹೇಳಿ.

ರಾಜಾಸೀಟಿಗೆ ಹೋಗಬಹುದು.
ಟಿಕೆಟ್ಟು, ಟೂರಿಸ್ಟರು, ಸುಟ್ಟ ಜೋಳ;
ನಮ್ಮ ಮಂಜನ್ನು ನಾವೇ ದುಡ್ಡು ಕೊಟ್ಟು ನೋಡುವುದು.

ನನ್ನದು ವೆಲ್ಡಿಂಗ್ ಶಾಪು.
ಪಾರ್ಕಿನಲ್ಲಿ ಹೂವು ನನಗೆ ಕಾಣುವುದಿಲ್ಲ,
ಕಾಣುವುದು ಕೀಲು, ತುಕ್ಕು, ಸವೆದ ಕೊಂಡಿ.
ನೀರಿನ ಟ್ಯಾಂಕಿನ ಪಾರ್ಕಿನಲ್ಲಿ ಒಮ್ಮೆ
ಕಟಕಟೆಯ ಸರಳುಗಳ ನಡುವೆ
ಸುಲಿದ ತೆಂಗಿನಕಾಯಿ ತೂರಿಸಿ ನೋಡಿದೆ.
ತೂರಿತು.
ಕಾಯಿ ತೂರಿದಲ್ಲಿ ರಿಫಾಳ ತಲೆಯೂ ತೂರುತ್ತದೆ,
ತೂರಿದ ತಲೆ ಹಿಂದಕ್ಕೆ ಬರುವುದು ಬೇರೆ ಲೆಕ್ಕ.
ಆ ಪಾರ್ಕು ಅವಳಿಗಲ್ಲ ಎಂದು ಬರೆದುಕೊಂಡೆ,
ಮನಸ್ಸಿನಲ್ಲೇ.

ಶಾಲೆಯ ಹಿಂದಿನ ಬಯಲು ಒಳ್ಳೆಯದೇ,
ಆದರೆ ಜೂನ್ ಹಿಡಿದರೆ ಹುಲ್ಲೆಲ್ಲ ಇಂಬಳ.
ಮೋನಪ್ಪ ಕಾಲ್ಚೀಲಕ್ಕೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು
ಯುದ್ಧಕ್ಕೆ ಇಳಿದ ಹಾಗೆ ಇಳಿಯುತ್ತಾನೆ,
ಬಂದು ಲೆಕ್ಕ ಒಪ್ಪಿಸುತ್ತಾನೆ:
ಇವತ್ತು ನನಗೆ ನಾಲ್ಕು, ಪೊನ್ನುವಿಗೆ ಏಳು.

ಹಾಕಿ ಮೈದಾನದಲ್ಲಿ ಹೋದ ವರ್ಷದವರೆಗೆ
ಹಿತಾಕ್ಷಿ ಸ್ಟಿಕ್ ಹಿಡಿದು ಓಡಿದಳು.
ಈಗ ಗೇಟಿನ ಹೊರಗೆ ನಿಂತು ನೋಡುತ್ತಾಳೆ.
ಯಾಕೆಂದು ಇಂದಿರಾವತಿಗೆ ಗೊತ್ತು.
ನನಗೆ ಹೇಳಿಲ್ಲ.

ಹೋದ ತಿಂಗಳು ನಗರಸಭೆಯವರು
ಟ್ಯಾಂಕಿನ ಪಾರ್ಕಿನ ರಿಪೇರಿ ನನಗೇ ಕೊಟ್ಟರು.
ಎರಡು ಸರಳಿನ ನಡುವೆ ಇನ್ನೊಂದು ಸರಳು ಕೂರಿಸಿದೆ.
ಈಗ ಕಾಯಿ ತೂರುವುದಿಲ್ಲ,
ಕಿತ್ತಳೆ ತೂರುತ್ತದೆ, ಅಷ್ಟೇ.
ಜೊತೆಗೆ ಬೋರ್ಡೊಂದನ್ನು ನಿಲ್ಲಿಸಲು ಹೇಳಿದರು:
‘ಹನ್ನೆರಡು ದಾಟಿದವರು ಉಯ್ಯಾಲೆ ಏರಬಾರದು.’
ಕೂಲಿ ಪಡೆದು ನಿಲ್ಲಿಸಿದೆ,
ಆಷಾಢದ ಗಾಳಿಗೂ ಬೀಳದಂತೆ
ನಾಲ್ಕೂ ಮೂಲೆಗೆ ಬೆಸುಗೆ.
ಹನ್ನೆರಡು ದಾಟಿದವರು ಎಲ್ಲಿಗೆ ಹೋಗಬೇಕೆಂದು ಬರೆಯಲು
ಬೋರ್ಡಿನಲ್ಲಿ ಜಾಗ ಇತ್ತು.

ಮೊನ್ನೆ ಭಾನುವಾರ ಸಂಜೆ
ಉಯ್ಯಾಲೆಯ ಕೊನೆಯ ಕೊಂಡಿ ಬೆಸೆದೆ, ಬಣ್ಣ ಬಳಿದೆ.
ರಿಫಾ ಲೋಟದಲ್ಲಿ ಮರಳು ತಂದು ತಂದು
ನನ್ನ ಬೂಟಿಗೆ ಸುರಿಯುತ್ತಿದ್ದಳು.
ಮೋನಪ್ಪ ಜಾರುಬಂಡೆಯನ್ನು ಕೆಳಗಿನಿಂದ ಹತ್ತುತ್ತಿದ್ದ.
ಹಿತಾಕ್ಷಿ ಸಿಲ್ವರ್ ಓಕಿಗೆ ಒರಗಿ
ಯಾರದೋ ಅಕ್ಕನಂತೆ
ಫೋನು ನೋಡುತ್ತಿದ್ದಳು.

‘ಬಾ ಇಲ್ಲಿ,’ ಎಂದೆ. ‘ತೂಕ ಹಾಕಿ ನೋಡಬೇಕು.
ಇವನು ಕೂತರೆ ಬೆಸುಗೆಗೆ ಗೊತ್ತೇ ಆಗುವುದಿಲ್ಲ.’
ಅವಳು ಬೋರ್ಡಿನತ್ತ ನೋಡಿದಳು.
ನಾನು ಬಗ್ಗಿ ಸ್ಪ್ಯಾನರ್ ಹುಡುಕಿದೆ,
ಅದು ಕೈಯಲ್ಲೇ ಇತ್ತು.

ಕೂತಳು. ಮೊದಲು ಕಾಲು ನೆಲಕ್ಕೂರಿಯೇ,
ಸರಪಳಿಗೆ ಉಪಕಾರ ಮಾಡುವವಳಂತೆ.
ಆಮೇಲೆ ಮಂಡಿ ಮಡಚಿದಳು.

ಕಣಿವೆಯಿಂದ ಮಂಜು ಮೇಲೇರುತ್ತಿತ್ತು.
ಅತ್ತ ಹೋದಾಗ ಅವಳಿಲ್ಲ,
ಇತ್ತ ಬಂದಾಗ ಇದ್ದಾಳೆ,
ನಡುವೆ ಕೊಂಡಿಯ ಕಿರ್ರ್ ಮಾತ್ರ.

‘ತಡೆಯುತ್ತಾ ಅಪ್ಪಾ?’ ಮಂಜಿನೊಳಗಿಂದ ಕೇಳಿದಳು.
‘ಇನ್ನೂ ಗೊತ್ತಾಗ್ತಿಲ್ಲ.
ಇನ್ನೊಂದು ಹತ್ತು ಸಲ.’

ಬಣ್ಣ ಇನ್ನೂ ಆರಿರಲಿಲ್ಲ.
ಅದನ್ನು ಹೇಳಲು ಮರೆತಿದ್ದೆ.