ನೀಲಿ ಪೆನ್ಸಿಲಿನ ಪಾದಗಳು

ದೋನಾ ಗ್ರಾಸಿಯೆತ್ ಹನ್ನೊಂದು ಚಿತ್ರ ತಂದಿದ್ದಾರೆ,
ಹಳೇ ಹೊದಿಕೆಯಲ್ಲಿ ಸುತ್ತಿ, ಟ್ರ್ಯಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು.
ಎಂಬತ್ತಾರು ವಯಸ್ಸು. ಪೋರ್ತುವಿನ ಈ ಏರುಬೀದಿಯನ್ನು
ಮೂರು ಕಡೆ ನಿಂತು ಹತ್ತಿದರಂತೆ;
ನಿಂತಲ್ಲೆಲ್ಲ ಯಾರದೋ ಬೂಟು ನೋಡಿದರಂತೆ.

ನಾನು ಚೌಕಟ್ಟು ಕಟ್ಟುವವನು. ನನಗೆ ಬೇಕಾದ್ದು ಅಳತೆ.
ಬಿಚ್ಚಿ ನೋಡಿದೆ: ಎಲ್ಲವೂ ಪಾದ.
ಮುಖವಿಲ್ಲ, ಮೊಣಕಾಲೂ ಇಲ್ಲ,
ಬೆರಳಿನಿಂದ ಕಾಲಗಂಟಿನವರೆಗೆ, ಅಷ್ಟೇ,
ಎಲ್ಲವೂ ನೀಲಿ ಪೆನ್ಸಿಲಿನಲ್ಲಿ.

"ಪೂರ್ತಿ ಮನುಷ್ಯರನ್ನು ಬರೆಯಬಾರದಿತ್ತೇ?" ಎಂದೆ.
"ಪೂರ್ತಿ ಮನುಷ್ಯರು ನನಗೆಲ್ಲಿ ಸಿಕ್ಕರಪ್ಪ" ಎಂದರು.

ಗಾಜು ಕೊಯ್ಯುವಷ್ಟು ಹೊತ್ತು ಮಾತು.
ಇಪ್ಪತ್ತಕ್ಕೆ ನರ್ಸು; ರಾತ್ರಿ ಪಾಳಿ, ಉದ್ದನೆಯ ವಾರ್ಡು.
ಸಾವು ಕಾಲಿನಿಂದ ಹತ್ತುತ್ತದೆ,
ಕೆಂಡದ ಮೇಲೆ ಬೂದಿ ಕೂರುವ ಹಾಗೆ, ಸದ್ದಿಲ್ಲದೆ.
ದೀಪ ಹಚ್ಚಿದರೆ ಉಳಿದವರು ಏಳುತ್ತಾರೆ,
ಅದಕ್ಕೆ ಕತ್ತಲಲ್ಲೇ ಹೊದಿಕೆಯೊಳಗೆ ಕೈಹಾಕಿ
ಒಂದೊಂದೇ ಪಾದ ಮುಟ್ಟುತ್ತ ಹೋಗುವುದು:
ಬೆಚ್ಚಗೆ, ಬೆಚ್ಚಗೆ, ಬೆಚ್ಚಗೆ,
ಹದಿನೇಳನೆಯ ಮಂಚದ ಬಳಿ ನಿಲ್ಲುವುದು.
ಪಾದ್ರಿ ಬಂದು ಹೋಗಿದ್ದ ಒಬ್ಬ ಮೀನುಗಾರ ಮಾತ್ರ
ಕಚಗುಳಿ ಎಂದು ನಕ್ಕು, ಬದುಕಿಯೇಬಿಟ್ಟನಂತೆ.

ಆಗ ಸರ್ಕಾರದ ಆಸ್ಪತ್ರೆಗಳಲ್ಲಿ ಒಂದು ಕಾನೂನು:
ನರ್ಸು ಮದುವೆಯಾಗಕೂಡದು.
ಇವರು ಆದರು. ನಾಟಕ ಕಂಪನಿಯ ಬಡಗಿ ಅಬೀಲಿಯುವನ್ನು.
ಸೋಮವಾರ ಉಂಗುರ, ಮಂಗಳವಾರ ಸಮವಸ್ತ್ರ ವಾಪಸು.
"ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಮೇಟ್ರನ್.
ಹಾಸಿಗೆಯನ್ನೇ ಬಿಟ್ಟು ಎದ್ದು ಬಂದೆ."

ಬಡಗಿಯ ಹೆಂಡತಿಗೆ ಸಿಕ್ಕಿದ್ದು ರಂಗದ ಅಂಚಿನ ಗೂಡು,
ಮೈ ನೆಲದಡಿಗೆ, ತಲೆಯಷ್ಟೇ ಮೇಲೆ. ಪ್ರಾಂಪ್ಟರ್ ಕೆಲಸ.
ಅಲ್ಲಿಂದ ಕಾಣುವುದೂ ಪಾದಗಳೇ:
ರಾಜನ ಬೂಟಿನಡಿಯ ತೂತು,
ಬಿಕ್ಕಿ ಅಳುವ ನಾಯಕಿಯ ಹೆಬ್ಬೆರಳಿನ ಬೇಸರ.
ಮಾತು ಮರೆಯುವವನ ಹಿಮ್ಮಡಿ
ಮರೆಯುವ ಮೊದಲೇ ನೆಲ ಬಿಡುತ್ತದೆ;
ತುಟಿಗಿಂತ ಮುಂಚೆ ಕಾಲಿಗೆ ಗೊತ್ತು.

ಪ್ರತಿಯ ಮೇಲೆಲ್ಲ ಸೆನ್ಸಾರಿನವನ ನೀಲಿ ಗೀಟು.
ಗೀಟು ಬಿದ್ದ ಸಾಲನ್ನು ನಟರು ಹಾರಿಸಬೇಕು,
ಹಾರಿಸುತ್ತಿದ್ದರು; ಹೆಂಡತಿ ಮಕ್ಕಳಿದ್ದವರು.
ಇವರು ಮಾತ್ರ ಗೂಡಿನೊಳಗೆ
ಆ ಸಾಲುಗಳನ್ನೂ ಓದುತ್ತಿದ್ದರು, ಬರೀ ಉಸಿರಿನಲ್ಲಿ,
ಒಂದಕ್ಷರ ಬಿಡದೆ.
ಯಾರಿಗೂ ಕೇಳಿಸಲಿಲ್ಲ. ಹದಿಮೂರು ವರ್ಷ.
ಆದರೆ ಆ ಜಾಗ ಬಂದಾಗ
ನಟರ ಕಾಲು ಅರೆಗಳಿಗೆ ತಡೆಯುತ್ತಿತ್ತಂತೆ,
ಹೊಸಿಲಲ್ಲಿ ಮಲಗಿದ ನಾಯಿಯನ್ನು
ಎಬ್ಬಿಸದೆ ದಾಟುವ ಹಾಗೆ.

ಆಮೇಲೆ ಸರ್ಕಾರ ಬಿತ್ತು, ನಾಟಕಶಾಲೆ ಸೂಪರ್‌ಮಾರ್ಕೆಟ್ ಆಯಿತು,
ವಿಶ್ವವಿದ್ಯಾಲಯ ಕರೆಯಿತು. ಅದರ ಕಥೆ ಹೇಳುವಾಗ
ನನಗೊಂದು ಫೋನು ಬಂತು, ಅರ್ಧ ಕೇಳಿಸಲಿಲ್ಲ.
ಡಾಕ್ಟರಾಗುವ ಹುಡುಗರಿಗೆ
ಕೆಟ್ಟ ಸುದ್ದಿ ಹೇಳುವುದನ್ನು ಕಲಿಸಿದರಂತೆ.
ಮೊದಲ ಪಾಠ: ಕುಳಿತುಕೊಳ್ಳಿ.
ಎರಡನೆಯದು: ನಿಮ್ಮ ಪಾದ ಬಾಗಿಲ ಕಡೆಗಿದೆ, ತಿರುಗಿಸಿ.
ಮೂರನೆಯದೇನೆಂದು ಕೇಳಲು ಮರೆತೆ.

"ನಾಲ್ಕು ದೋಣಿಯಲ್ಲಿ ಕಾಲಿಟ್ಟವರು ನೀವು" ಎಂದೆ.
"ಇರಬಹುದು. ಒಂದೂ ನನ್ನದಾಗಿರಲಿಲ್ಲ."

ಹತ್ತು ಚಿತ್ರ ಯಾರ್ಯಾರದೆಂದು ಹೇಳಿದರು.
ಹನ್ನೊಂದನೆಯದನ್ನು ಹೇಳಲಿಲ್ಲ.
ಗಂಡಸಿನ ಎಡಗಾಲು, ಹೆಬ್ಬೆರಳಿನ ಉಗುರು
ಸುತ್ತಿಗೆ ಬಿದ್ದು ಸೀಳಿದಂತಿದೆ;
ಅಲ್ಲಿ ಪೆನ್ಸಿಲು ಒತ್ತಿ ಒತ್ತಿ ಕಾಗದ ಹರಿದಿದೆ.
"ಹಿಂದಿನಿಂದ ಅಂಟಿಸಿ ಕೊಡಲೇ?"
"ಬೇಡ. ಗಾಜೂ ಬೇಡ ಅದಕ್ಕೆ."

ಮುಂಗಡ ಕೊಟ್ಟರು, ಚಿಲ್ಲರೆ ಎಣಿಸಿ ತೆಗೆದುಕೊಂಡರು.
ಗುರುವಾರ ಬನ್ನಿ ಎಂದೆ.
ಬಾಗಿಲಲ್ಲಿ ತಿರುಗಿ, ನನ್ನ ಮುಖ ಬಿಟ್ಟು ಕೆಳಗೆ ನೋಡಿ:
"ಬಲಗಾಲಿಗೆ ಭಾರ ಕೊಡುತ್ತಿಲ್ಲ ನೀನು. ಯಾರಿಗಾದರೂ ತೋರಿಸು."

ರಾತ್ರಿ ದೀಪ ಆರಿಸಿದ ಮೇಲೆ
ಹೊದಿಕೆಯೊಳಗೆ ಕೈಹಾಕಿ ಹೆಂಡತಿಯ ಪಾದ ಮುಟ್ಟಿದೆ.
"ಏನು ಹುಡುಕುತ್ತಿದ್ದೀಯ?" ಎಂದಳು ನಿದ್ದೆಗಣ್ಣಲ್ಲಿ,
ಕಚಗುಳಿಗೆ ಕಾಲೆಳೆದುಕೊಂಡು.